ಬಚ್ಚಲಿನ ಹಿಡಿಕೆ ಮಾರಿದ ವರ್ಷ

ನನಗೆ ಚಿಕ್ಕಂದಿನಿಂದ ಉಗ್ಗು ಇದೆ. ಎಲ್ಲ ಅಕ್ಷರಕ್ಕೂ ಅಲ್ಲ. 'ಕ', 'ಪ', ಅವೆರಡಕ್ಕಿಂತ ಹೆಚ್ಚಾಗಿ 'ಮ'. 'ಅಮ್ಮ' ಎಂಬ ಪದ 'ಅ'ಕಾರದಿಂದ ಶುರುವಾಗುತ್ತದಲ್ಲ, ಅದೇ ನನ್ನ ಪುಣ್ಯ. ಬಿ.ಕಾಂ ಮುಗಿದು, ಮುಂದೇನು ಮಾಡ್ತೀಯ ಎಂದು ಅಮ್ಮ ಕೇಳಿದಾಗ 'ಮಾರ್ಕೆಟಿಂಗ್' ಎಂದು ಹೇಳುವುದಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಹೆಗ್ಗನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಅಮ್ಮ ಮಿಷನ್ ನಿಲ್ಲಿಸಿ, ದಾರ ಕತ್ತರಿಸಿ, ಬ್ಲೌಸಿನ ತೋಳನ್ನು ಮಡಿಸಿ ಪಕ್ಕಕ್ಕಿಟ್ಟು, ನನ್ನ ಕಡೆ ತಿರುಗಿ ಕೂತ ಮೇಲೆ ಆ ಪದ ಹೊರಬಿತ್ತು.

"ಅದು ಮಾತಾಡೋರ ಕೆಲಸ ಅಲ್ವೇನೇ?" ಎಂದಳು.

ಚುಚ್ಚುವುದಕ್ಕೆ ಹೇಳಿದ ಮಾತಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ 'ಪ್ರೆಸೆಂಟ್' ಎನ್ನಲಾಗದೆ ನಾನು ಕೈ ಮಾತ್ರ ಎತ್ತುತ್ತಿದ್ದದ್ದು, ಅದಕ್ಕೆ ಮಕ್ಕಳು ನಗುತ್ತಿದ್ದದ್ದು ಎಲ್ಲ ಅವಳಿಗೆ ಗೊತ್ತಿತ್ತು. ಅಕೌಂಟ್ಸ್ ಕೆಲಸಕ್ಕೆ ಸೇರಿದರೆ ಯಾರ ಜೊತೆಗೂ ಮಾತಾಡಬೇಕಿಲ್ಲ ಎಂಬುದು ಅವಳ ಲೆಕ್ಕಾಚಾರ.

ನನಗೆ ಆ ಆಸೆ ಹುಟ್ಟಿದ್ದು ವಿಜಯನಗರದ ನಮ್ಮ ಕಾಲೇಜಿನ ಒಂದು ಫೆಸ್ಟ್‌ನಲ್ಲಿ. ನಾವು ಗೆಳತಿಯರು ಮಜ್ಜಿಗೆ ಅಂಗಡಿ ಹಾಕಿದ್ದೆವು. ಉಳಿದವರು ಗಂಟಲು ಹರಿಯುವಂತೆ ಕೂಗಿದರೂ ಯಾರೂ ಬರಲಿಲ್ಲ. ಕೂಗಲಾರದ ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಎದುರಿಗೇ ಡ್ಯಾನ್ಸ್ ಕಾರ್ಯಕ್ರಮಕ್ಕೆ ಉದ್ದದ ಸಾಲು. ಎಲ್ಲರೂ ಬಿಸಿಲಲ್ಲಿ ಬೆವರುತ್ತಿದ್ದರು, ಎಲ್ಲರಿಗೂ ಬಾಯಾರಿತ್ತು. ಆದರೆ ಸಾಲು ಬಿಟ್ಟು ಬಂದರೆ ಜಾಗ ಹೋಗುತ್ತದೆ! ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ, 'ಸಾಲಲ್ಲಿ ಇರೋರು ಅಲ್ಲಿಂದಲೇ ಕೈ ಎತ್ತಿ. ಮಜ್ಜಿಗೆ ನಿಮ್ಮ ಹತ್ತಿರ ಬರುತ್ತೆ' ಎಂದು ಬರೆದು ಎತ್ತಿ ಹಿಡಿದೆ. ಮೂರು ಬಕೆಟ್ ಮಜ್ಜಿಗೆ ಅರ್ಧ ಗಂಟೆಯಲ್ಲಿ ಖಾಲಿಯಾಯಿತು. ಆ ಸಾಲಿನಲ್ಲಿ ಒಂದೊಂದಾಗಿ ಕೈಗಳು ಮೇಲೇಳುತ್ತಿದ್ದದ್ದನ್ನು ನೋಡಿದಾಗ ಆದ ಸಂತೋಷ ನನಗೆ ಬೇರೆ ಯಾವುದರಲ್ಲೂ ಆಗಿರಲಿಲ್ಲ.

ಕೆಲಸ ಮಾತ್ರ ಸುಲಭವಾಗಿ ಸಿಗಲಿಲ್ಲ. ಫೋನಿನಲ್ಲಿ ಪುಕ್ಕಟೆ ಕೋರ್ಸುಗಳನ್ನು ನೋಡಿ ಬ್ರ್ಯಾಂಡ್, ಟಾರ್ಗೆಟ್, ಸೆಗ್ಮೆಂಟ್ ಎಂಬ ಪದಗಳನ್ನೆಲ್ಲ ಕಲಿತೆ. ಆದರೆ ಹೋದ ಕಡೆಯಲ್ಲೆಲ್ಲ ಅನುಭವ ಕೇಳುತ್ತಿದ್ದರು, ಇಲ್ಲವೇ ಐದು ನಿಮಿಷ ನನ್ನ ಮಾತು ಕೇಳಿ, ತಿಳಿಸ್ತೀವಿ ಎನ್ನುತ್ತಿದ್ದರು. ಎಂಟು ತಿಂಗಳು ಹೀಗೇ ಕಳೆಯಿತು.

ಆಮೇಲೆ ರಾಜಾಜಿನಗರದ ಒಂದು ಚಿಕ್ಕ ಕಾರ್ಖಾನೆಯಿಂದ ಕರೆ ಬಂತು. ಬಚ್ಚಲಿನ ಗೋಡೆಗೆ ಹಾಕುವ ಸ್ಟೀಲ್ ಹಿಡಿಕೆಗಳನ್ನು ಮಾಡುವ ಕಾರ್ಖಾನೆ. ವಯಸ್ಸಾದವರು ಜಾರಿ ಬೀಳದಂತೆ ಹಿಡಿದುಕೊಳ್ಳುವುದಕ್ಕೆ. ಸಂದರ್ಶನಕ್ಕೆ ಇನ್ನೂ ಒಂದು ವಾರವಿತ್ತು. ಈ ಸಲ ಕೋರ್ಸು ನೋಡಲಿಲ್ಲ. ಮಾಗಡಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಿಗೂ ಬಸವೇಶ್ವರನಗರದ ದೊಡ್ಡ ಮೆಡಿಕಲ್ ಅಂಗಡಿಗಳಿಗೂ ಹೋಗಿ, ಮೂಲೆಯಲ್ಲಿ ನಿಂತು, ಇಂಥ ಹಿಡಿಕೆ ಕೇಳಿಕೊಂಡು ಯಾರು ಬರುತ್ತಾರೆ, ಏನು ಕೇಳುತ್ತಾರೆ ಎಂದು ನೋಡಿದೆ. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಅಂಗಡಿಯವರು ಓಡಿಸಿದರು. ಇನ್ನೊಬ್ಬರು ಸ್ಟೂಲ್ ಕೊಟ್ಟು ಕೂರಿಸಿದರು.

ಸಂದರ್ಶನದಲ್ಲಿ ಇಬ್ಬರಿದ್ದರು. ಒಬ್ಬರು ಕಾರ್ಖಾನೆಯ ಯಜಮಾನರು. ಇನ್ನೊಬ್ಬರು ಐವತ್ತು ದಾಟಿದ ಒಬ್ಬ ಹೆಂಗಸು. ಹತ್ತಿ ಸೀರೆ, ಕೊರಳಿಗೆ ನೇತುಹಾಕಿದ ಕನ್ನಡಕ. ಮಾರಾಟವನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು.

"ಯಾಕಮ್ಮ ಇಲ್ಲಿಗೇ ಬಂದೆ?" ಎಂದು ಯಜಮಾನರು ಕೇಳಿದರು.

ನಾನು 'ಮ' ಎಂದು ಶುರುಮಾಡಿ ಅಲ್ಲೇ ನಿಂತೆ.

"ಮನೆ ಹತ್ರ ಅಂತಾನಾ?" ಎಂದು ಅವರು ಸಹಾಯ ಮಾಡಿದರು. ಇಲ್ಲವೆಂದು ತಲೆಯಾಡಿಸಿದೆ. "ಮದುವೆ ಆಗೋವರೆಗೂ ಇರ್ಲಿ ಅಂತಾನಾ?"

"ಸಾರ್, ಅವಳೇ ಹೇಳ್ಲಿ ಬಿಡಿ," ಎಂದರು ಮೇಡಂ. "ನಮ್ದೇನು ಬಸ್ ಹೊರಟೋಗುತ್ತಾ?"

ಮಾತು ಬರುವ ಹಾಗೆ ಕಾಣಲಿಲ್ಲ. ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟೆ. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದರು. 'ತಮಗಾಗಿ ಯಾರೂ ಕೇಳಲಿಲ್ಲ. ಕೇಳಿದವರೆಲ್ಲ ಮಕ್ಕಳು, ಸೊಸೆಯರು. ಬಹುತೇಕ ಎಲ್ಲರೂ ಬಂದದ್ದು ಮನೆಯಲ್ಲಿ ಯಾರೋ ಬಿದ್ದ ಮೇಲೆ' ಎಂದು ಬರೆದಿದ್ದ ಕಡೆ ನಿಂತು, ಅದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದರು. ಸೋಮವಾರದಿಂದ ಬಾ ಎಂದರು.

ಪೋಸ್ಟರ್ ಬರೆಯುತ್ತೇನೆ, ಜಾಹೀರಾತು ಮಾಡುತ್ತೇನೆ ಎಂದುಕೊಂಡು ಹೋದವಳಿಗೆ ಮೇಡಂ ಕೊಟ್ಟದ್ದು ಹಿಡಿಕೆ ಕೊಂಡವರ ಫೋನ್ ನಂಬರುಗಳ ಪಟ್ಟಿ. "ಎಲ್ರಿಗೂ ಫೋನ್ ಮಾಡು. ಹೇಗಿದೆ ಅಂತ ಕೇಳು. ಅಷ್ಟೇ."

ಉಗ್ಗುವವರಿಗೆ ಫೋನಿಗಿಂತ ದೊಡ್ಡ ಶಿಕ್ಷೆಯಿಲ್ಲ. ಎದುರಿಗಿದ್ದರೆ ಮುಖವಾದರೂ ಕಾಣುತ್ತದೆ. ನಾನು ಮೊದಲ ಪದಕ್ಕೆ ಒದ್ದಾಡುತ್ತಿದ್ದರೆ ಆ ಕಡೆಯವರು "ಹಲೋ, ಹಲೋ... ನೆಟ್‌ವರ್ಕ್ ಇಲ್ಲ ಅನ್ಸುತ್ತೆ" ಎಂದು ಇಟ್ಟುಬಿಡುತ್ತಿದ್ದರು. ಏಳನೆಯ ಫೋನು ಹೀಗೇ ಕಟ್ಟಾದಾಗ ಸ್ಟಾಕ್ ರೂಮಿಗೆ ಹೋಗಿ ರಟ್ಟಿನ ಡಬ್ಬಗಳ ಹಿಂದೆ ನಿಂತು ಅತ್ತೆ.

ಮೇಡಂ ಬಂದು ಪಕ್ಕದಲ್ಲಿ ನಿಂತರು. "ಫೋನ್ ಆಗಲ್ವಾ? ಸರಿ, ಮನೆಗಳಿಗೆ ಹೋಗು. ನಾನು ಇಪ್ಪತ್ತೆರಡು ವರ್ಷ ಮನೆ ಮನೆ ಬಾಗಿಲು ತಟ್ಟಿದೀನಿ ಕಣೇ. ಬಾಗಿಲು ತೆಗೆದೋರು ಯಾರೂ ನೆಟ್‌ವರ್ಕ್ ಇಲ್ಲ ಅನ್ನಲ್ಲ."

ಅಳುತ್ತಲೇ ನಗು ಬಂತು. ಮಾರನೆಯ ದಿನದಿಂದ ಬಸ್ ಪಾಸ್ ಇಟ್ಟುಕೊಂಡು ಹೊರಟೆ. ನಂದಿನಿ ಲೇಔಟ್, ಉಲ್ಲಾಳ, ಕೆಂಗೇರಿ.

ಬಸವೇಶ್ವರನಗರದ ಒಂದು ಮನೆಯಲ್ಲಿ ಎಪ್ಪತ್ತೈದರ ಆಸುಪಾಸಿನ ಒಬ್ಬ ಅಜ್ಜಿ ಒಬ್ಬರೇ ಇದ್ದರು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ನಾನು ಬಂದ ಕಾರಣ ಹೇಳುವಷ್ಟರಲ್ಲಿ ಅವರು ಕುರ್ಚಿ ಎಳೆದು, ಫ್ಯಾನ್ ಹಾಕಿ, ನೀರು ತಂದಿಟ್ಟಿದ್ದರು.

"ಹಿಡಿಕೆ ತಾನೇ? ತುಂಬ ಚೆನ್ನಾಗಿದೆಮ್ಮ," ಎಂದರು.

ಮುಂದಿನ ಪ್ರಶ್ನೆ ಕೇಳಲು ಹೋದೆ. ನಾಲಿಗೆ ಎಂದಿನಂತೆ ಸಿಕ್ಕಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಪಟಪಟನೆ ಕೇಳಿ, ಬರೆದುಕೊಂಡು, ಹೊರಟುಬಿಡುತ್ತಿದ್ದರು. ನಾನು ಮಾತು ಹುಡುಕುತ್ತ ಸುಮ್ಮನೆ ಕೂತಿದ್ದೆ. ಅಜ್ಜಿ ನನ್ನನ್ನೇ ನೋಡುತ್ತಿದ್ದವರು ಕಣ್ಣು ಕೆಳಗೆ ಹಾಕಿದರು.

"ಸುಳ್ಳು ಹೇಳ್ದೆ. ಅದನ್ನ ಹಾಕಿಸೇ ಇಲ್ಲ. ಮಂಚದ ಕೆಳಗಿದೆ."

ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು. ಅವರ ಗಂಡ ಕೊನೆಯ ದಿನಗಳನ್ನು ಆಸ್ಪತ್ರೆಯಲ್ಲಿ ಕಳೆದಿದ್ದರಂತೆ. ಅಲ್ಲಿನ ಬಚ್ಚಲಿನಲ್ಲಿ ಥೇಟ್ ಇಂಥದ್ದೇ ಹಿಡಿಕೆ. "ಅವರ ಕೈಯನ್ನ ನಾನೇ ತಗೊಂಡು ಅದರ ಮೇಲೆ ಇಡ್ತಿದ್ದೆ. ಈಗ ದಿನಾ ಬೆಳಿಗ್ಗೆ ಎದ್ದು ಸ್ನಾನಕ್ಕೆ ಹೋದ್ರೆ ಅದನ್ನೇ ನೋಡ್ಬೇಕಲ್ಲ. ಮಗನಿಗೆ ಹೇಳಕ್ಕಾಗುತ್ತಾ ಇದನ್ನೆಲ್ಲ? ಪ್ರೀತಿಯಿಂದ ತಂದಿದಾನೆ, ಪಾಪ. ಅಲ್ದೆ ಬಂದೋರೆಲ್ಲ ನೋಡಿ, ಅಜ್ಜಿ ಬಿದ್ದೋದ್ರಾ ಅಂತಾರೆ."

ಹಾಗಾದರೆ ಸ್ನಾನ ಮಾಡಿ ಹೇಗೆ ಏಳುತ್ತೀರಿ ಎಂದು ಕೇಳಿದೆ. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಚಿಕ್ಕ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ನಲ್ಲಿ ಹಿಡಿದು, ಬಲಗೈಯನ್ನು ಬಕೆಟ್ಟಿನ ಅಂಚಿಗೆ ಊರಿ, "ರಾಮ ರಾಮ" ಎನ್ನುತ್ತ ಎದ್ದರು. ನಲ್ಲಿ ಅಲ್ಲಾಡಿತು. ಬಕೆಟ್ ವಾಲಿತು. ನಾನು ಓಡಿಹೋಗಿ ಅವರ ರಟ್ಟೆ ಹಿಡಿದುಕೊಂಡೆ.

"ನೋಡು, ಎಷ್ಟು ಚೆನ್ನಾಗಿ ಎದ್ದೆ," ಎಂದು ನಕ್ಕರು. ನನಗೆ ಬಸ್ಸಿನಲ್ಲಿ ಪೂರ್ತಿ ದಾರಿ ಆ ವಾಲಿದ ಬಕೆಟ್ಟೇ ಕಣ್ಣ ಮುಂದೆ.

ಆಗ ನಮ್ಮ ಕರಪತ್ರದ ಮೇಲೆ ಬಚ್ಚಲಿನಲ್ಲಿ ಬಿದ್ದ ಮುದುಕರೊಬ್ಬರ ಚಿತ್ರವಿತ್ತು. ಕೆಳಗೆ 'ವೃದ್ಧರ ಸುರಕ್ಷತೆಗೆ' ಎಂಬ ಕೆಂಪಕ್ಷರ. ಅಜ್ಜಿಯ ಮನೆಯಲ್ಲಿ ಕಂಡದ್ದನ್ನು ಬರೆದು ಮೇಡಂಗೆ ಕೊಟ್ಟೆ. ಹಿಡಿಕೆ ಆಸ್ಪತ್ರೆಯದರಂತೆ ಕಾಣಬಾರದು, ಟವೆಲ್ ಹಾಕುವ ಕಂಬಿಯ ಹಾಗೆ ಇರಲಿ, ಬಣ್ಣ ಇರಲಿ, ಕರಪತ್ರದಲ್ಲಿ ವೃದ್ಧರು ಎಂಬ ಪದವೇ ಬೇಡ ಎಂದು. ಯಜಮಾನರು ಒಪ್ಪಲಿಲ್ಲ.

"ಹೆದರಿಸಿದ್ರೆ ತಾನೇ ತಗೊಳ್ಳೋದು?"

"ತಗೊಳ್ತಾರೆ ಸಾರ್, ಹಾಕ್ಸಲ್ಲ," ಎಂದರು ಮೇಡಂ. "ಹಾಕ್ಸದೇ ಇದ್ರೆ ಪಕ್ಕದ ಮನೆಯವರಿಗೆ ಯಾರು ಹೇಳ್ತಾರೆ?"

ಕೊನೆಗೆ ಯಜಮಾನರು ಒಪ್ಪಿದರು. ಎರಡು ತಿಂಗಳ ಓಡಾಟದ ಮೇಲೆ ಹೊಸ ನಮೂನೆ ತಯಾರಾಯಿತು. ಅದನ್ನು ತೋರಿಸಲು ಹನ್ನೆರಡು ಅಂಗಡಿಯವರನ್ನು ಕಾರ್ಖಾನೆಗೇ ಕರೆದಿದ್ದರು. ಬೆಳಿಗ್ಗೆ ಮೇಡಂ ನನ್ನ ಹತ್ತಿರ ಬಂದು, "ನೀನೇ ಹೇಳು. ನೋಡಿದೋಳು ನೀನು," ಎಂದರು.

ಚೌಚೌ ಭಾತ್ ತಿಂದು ಮುಗಿಸಿ ಎಲ್ಲರೂ ಕೂತರು. ನಾನು ಎದ್ದು ನಿಂತೆ. 'ನಮಸ್ಕಾರ'ದ 'ನಮ' ದಾಟುವುದೇ ಹರಸಾಹಸವಾಯಿತು. ಇಬ್ಬರು ಫೋನ್ ತೆಗೆದರು. ಒಬ್ಬರು ಮರ್ಯಾದೆಗೆ ಎಂಬಂತೆ ಕಿಟಕಿಯ ಕಡೆ ನೋಡಿದರು. ಆಗ, ಯಾಕೆ ಹಾಗೆ ಮಾಡಿದೆನೋ, ಮೂಲೆಯಲ್ಲಿದ್ದ ಚಿಕ್ಕ ಸ್ಟೂಲ್ ಎಳೆದು ಅವರ ನಡುವೆ ಹಾಕಿ ಕೂತೆ. ನೆಲ ಒರೆಸುವ ಬಕೆಟ್ ಪಕ್ಕಕ್ಕಿಟ್ಟುಕೊಂಡೆ. ಗಾಳಿಯಲ್ಲಿ ನಲ್ಲಿ ಹಿಡಿದೆ. ಅಜ್ಜಿ ಎದ್ದ ಹಾಗೆಯೇ, ಅಷ್ಟೇ ನಿಧಾನವಾಗಿ, ಬಕೆಟ್ಟಿನ ಅಂಚಿಗೆ ಕೈಯೂರಿ ಎದ್ದೆ. ಬಕೆಟ್ ವಾಲಿತು.

ಕಿಟಕಿಯ ಕಡೆ ನೋಡುತ್ತಿದ್ದವರು ನನ್ನ ಕಡೆ ತಿರುಗಿದ್ದರು. "ನಮ್ಮಮ್ಮನೂ ಹಿಂಗೇ ಏಳೋದು," ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಅನಂತರ ನಾನು ಉಗ್ಗುತ್ತಲೇ ಇಪ್ಪತ್ತು ನಿಮಿಷ ಮಾತಾಡಿದೆ. ಯಾರೂ ನನ್ನ ಪದಗಳನ್ನು ಪೂರ್ತಿ ಮಾಡಲಿಲ್ಲ.

ಹಿಡಿಕೆಗಳು ನಿಧಾನವಾಗಿ ಹೋಗತೊಡಗಿದವು. ನನಗೆ ಸ್ವಲ್ಪ ಜಂಬವೂ ಬಂತು ಎನ್ನಬೇಕು. ಆ ಜಂಬದಲ್ಲೇ ಹೊಸ ಕರಪತ್ರದಲ್ಲಿ 'ಯಾವ ಗೋಡೆಗಾದರೂ ಗಟ್ಟಿಯಾಗಿ ಕೂರುತ್ತದೆ' ಎಂದು ಬರೆದೆ. ಕಾರ್ಖಾನೆಯಲ್ಲಿ ಯಾರನ್ನೂ ಕೇಳಲಿಲ್ಲ. ವಾಕ್ಯ ಚೆನ್ನಾಗಿತ್ತು, ಅಷ್ಟೇ. ಒಂದು ದಿನ ನಮ್ಮದೇ ಹೆಗ್ಗನಹಳ್ಳಿಯಿಂದ ದೂರು ಬಂತು. ಒಳಗೆ ಟೊಳ್ಳಿರುವ ಬ್ಲಾಕಿನ ಗೋಡೆ. ಹಿಡಿಕೆ ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಹಿಡಿದಿದ್ದವರು ಆ ಮನೆಯಾಕೆಯ ಅತ್ತೆ. ಬಾಗಿಲಿಗೆ ಒರಗಿಕೊಂಡದ್ದರಿಂದ ಬೀಳದೆ ಉಳಿದಿದ್ದರು.

ನಾನೇ ಹೋದೆ. ಮನೆಯಾಕೆ ಬೈಯಬಹುದೆಂದು ತಯಾರಾಗಿದ್ದೆ. ಬೈಯಲಿಲ್ಲ. ಕರಪತ್ರ ಕೈಯಲ್ಲಿ ಹಿಡಿದುಕೊಂಡು, "ಇದನ್ನ ಬರೆದಿದ್ದು ಯಾರು?" ಎಂದರು.

"ನಾನೇ."

"ಎಷ್ಟು ಚೆನ್ನಾಗಿ ಬರೆದಿದೀರ. ಅದಕ್ಕೇ ನಂಬಿದ್ವಿ."

ಅತ್ತೆ ಒಳಗಿನಿಂದ, "ಬಿಡೇ, ಚಿಕ್ ಹುಡುಗಿ, ಕಾಫಿ ಕೊಡು," ಎಂದರು. ಆ ಕಾಫಿ ಕುಡಿಯುವುದು ನನಗೆ ಬಹಳ ಕಷ್ಟವಾಯಿತು. ಮಾರನೆಯ ದಿನ ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಗಟ್ಟಿ ಕಂಬದ ಜಾಗ ಹುಡುಕಿ ಹಾಕಿಸಿ, ನಾನೇ ಜೋತುಬಿದ್ದು ನೋಡಿ ಬಂದೆ. ಕಾರ್ಖಾನೆಗೆ ಮರಳಿ ಉಳಿದ ಕರಪತ್ರಗಳ ಕಟ್ಟುಗಳನ್ನು ಬಿಚ್ಚಿಕೊಂಡು ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕುತ್ತ ಕೂತೆ. ಮೇಡಂ ನೋಡಿದರು. ಇನ್ನೊಂದು ಪೆನ್ ತಂದು ಎದುರಿಗೆ ಕೂತು, ಅರ್ಧ ಕಟ್ಟು ತಮ್ಮ ಕಡೆ ಎಳೆದುಕೊಂಡರು.

ಅಲ್ಲಿ ನಾಲ್ಕು ವರ್ಷ ಇದ್ದೆ. ಈಗ ಬೇರೆ ಕಂಪನಿಯಲ್ಲಿ ಐದು ಜನರ ತಂಡ ನೋಡಿಕೊಳ್ಳುತ್ತೇನೆ. ದಿನದ ಬಹುಪಾಲು ಕೆಲಸ ಹೊರಗಿನವರು ಊಹಿಸುವಂಥದ್ದಲ್ಲ. ಯಾವ ಜಾಹೀರಾತನ್ನು ಎಷ್ಟು ಜನ ಅರ್ಧಕ್ಕೇ ಬಿಟ್ಟರು ಎಂದು ನೋಡುವುದು, ಇಪ್ಪತ್ತು ಸೆಕೆಂಡಿನ ವಿಡಿಯೋಗೆ ಎರಡು ದಿನ ಜಗಳವಾಡುವುದು, ದೂರು ಬರೆದವರಿಗೆ ಉತ್ತರಿಸುವುದು. ಈಗ ತಾನೇ ಡಿಗ್ರಿ ಮುಗಿಸಿದವರು ಹೇಗೆ ಶುರುಮಾಡಲಿ ಎಂದು ಕೇಳಿದರೆ, ಕೋರ್ಸ್ ಮಾಡಿ, ಬೇಡ ಅನ್ನಲ್ಲ, ಆದರೆ ಮೊದಲು ಯಾವುದಾದರೂ ಒಂದು ಅಂಗಡಿಯಲ್ಲಿ ಒಂದು ವಾರ ನಿಂತು ನೋಡಿ ಎನ್ನುತ್ತೇನೆ. ಕೆಲವರು ನಗುತ್ತಾರೆ. ಕಳೆದ ವರ್ಷ ಒಬ್ಬಳು ನಿಜವಾಗಿಯೂ ನಿಂತು ಬಂದಳು. ಅವಳನ್ನು ಸೇರಿಸಿಕೊಂಡೆ. ಉಗ್ಗು ಹೋಗಿಲ್ಲ, ಹೋಗಬೇಕೆಂಬ ಆತುರವೂ ಈಗಿಲ್ಲ. ಅಮ್ಮ ಬ್ಲೌಸ್ ಹೊಲಿಸಲು ಬಂದವರಿಗೆ, "ನನ್ ಮಗಳು ಮಾರ್ಕೆಟಿಂಗಲ್ಲಿ ಮ್ಯಾನೇಜರು," ಎಂದು ನನಗಿಂತ ಸಲೀಸಾಗಿ ಹೇಳುತ್ತಾಳೆ.

ಮೇಡಂ ನಿವೃತ್ತರಾಗಿ ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ತಿಂಗಳಿಗೊಂದು ಭಾನುವಾರ ಹೋಗುತ್ತೇನೆ. ಹೋದ ಸಲ ಮಾತಿನ ನಡುವೆ ಹೊಸದೊಂದು ಜಾಹೀರಾತಿನ ಸಾಲುಗಳನ್ನು ಫೋನಿನಲ್ಲಿ ತೋರಿಸಿದೆ. ಫೋನನ್ನು ದೂರ ಹಿಡಿದು, ತುಟಿಯಾಡಿಸುತ್ತ ಓದಿದರು.

"'ಎಲ್ಲರ ಮೆಚ್ಚಿನ' ಅಂತ ಹಾಕಿದೀಯಲ್ಲ, ಯಾರ್ಯಾರನ್ನ ಕೇಳ್ದೆ?"

ಕೇಳಿರಲಿಲ್ಲ. ಅಳಿಸಿದೆ. ಅವರು ಫೋನನ್ನು ನನ್ನ ಮಡಿಲಿಗೆ ಹಾಕಿ, "ಏಳು, ಊಟ ಮಾಡೋಣ, ಸಾರು ಆರೋಗುತ್ತೆ," ಎಂದು ಅಡುಗೆಮನೆಗೆ ಹೋದರು.