ಇಪ್ಪತ್ತೊಂದನೆಯ ಬಲೂನು

ಮೇಷ್ಟರು ಆ ಬೀದಿಗೆ ಮನೆ ಬದಲಾಯಿಸಿದ ಮರುದಿನ ಮುಖಕ್ಷೌರಕ್ಕೆಂದು ಮೂಲೆಯ ಅಂಗಡಿಗೆ ಹೋದರು. ಗಿರಾಕಿ ಕೂರುವ ಕುರ್ಚಿಯಲ್ಲಿ ಒಂದು ಕೆಂಪು ಬಲೂನು ಇತ್ತು. ಅದನ್ನು ದಾರದಿಂದ ತಲೆದಿಂಬಿಗೆ ಕಟ್ಟಿ, ಕೆಳಗೆ ಬಿಳಿ ಬಟ್ಟೆ ಹೊದಿಸಿ, ಮೈತುಂಬ ಸೋಪಿನ ನೊರೆ ಬಳಿಯಲಾಗಿತ್ತು. ಕ್ಷೌರಿಕ ಉಸಿರು ಬಿಗಿಹಿಡಿದು ಕತ್ತಿಯಿಂದ ಆ ನೊರೆಯನ್ನು ತೆಗೆಯುತ್ತಿದ್ದ. ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಕೆನ್ನೆಯುಬ್ಬಿಸಿ ಇನ್ನೊಂದನ್ನು ಊದುತ್ತಿದ್ದಳು.

“ಬನ್ನಿ ಸಾರ್, ಇವರದು ಮುಗೀತಿದ್ದ ಹಾಗೆ ನಿಮ್ಮದೇ ಪಾಳಿ,” ಎಂದಳು.

“ಇವರ ಮುಖ ಆಗ್ಲೇ ನುಣ್ಣಗಿದೆಯಲ್ಲಮ್ಮ!”

ಕ್ಷೌರಿಕನಿಗೆ ನಗು ಬರಲಿಲ್ಲ. ಮೂರು ವಾರಗಳಲ್ಲಿ ಅಂಗಡಿಯ ಹೊಸ್ತಿಲು ದಾಟಿದ ಮೊದಲ ಗಿರಾಕಿ ಇವರು. ತನ್ನ ಕಥೆ ಇವರಿಗೆ ಗೊತ್ತಿಲ್ಲ. ಬಟ್ಟೆ ಕೊಡವಿ ಕೂರಿಸಿಬಿಟ್ಟರೆ ಬೀದಿಯೆಲ್ಲ ನೋಡುತ್ತದೆ, ನಾಳೆಯಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಹೆಂಡತಿ ಕಣ್ಣಲ್ಲೇ ‘ಹೂಂ ಅನ್ನಿ’ ಎನ್ನುತ್ತಿದ್ದಳು.

“ಬೇಡ ಸಾರ್,” ಎಂದ. “ನಾನು ಕುಡೀತಿದ್ದೋನು. ಆಸ್ಪತ್ರೆಯಿಂದ ಬಂದು ಮೂರು ವಾರ ಆಯ್ತು. ಇದು ಹತ್ತೊಂಬತ್ತನೇದು. ಇಪ್ಪತ್ತೊಂದು ಬಲೂನು ಒಂದೂ ಒಡೀದೆ ಮುಗಿದ ಮೇಲೇನೇ ಮನುಷ್ಯರ ಕೆನ್ನೆ ಮುಟ್ಟೋದು.”

ಅದು ಅವನ ಅಪ್ಪ ಕಲಿಸಿದ ಪಾಠ. ಹದಿನಾರನೆಯ ವಯಸ್ಸಿನಲ್ಲಿ ಆ ಪರೀಕ್ಷೆ ಗೆದ್ದವನಿಗೆ ಬೀದಿಯವರು ‘ಬೆಣ್ಣೆಗೈ’ ಎಂದು ಹೆಸರಿಟ್ಟಿದ್ದರು. ಆಮೇಲೆ, ದಿನವಿಡೀ ನಿಂತು ನೋಯುವ ಸೊಂಟಕ್ಕೆಂದು ಸಂಜೆ ಒಂದು ಲೋಟ ಶುರುವಾಯಿತು. ವರ್ಷಗಳು ಕಳೆದಂತೆ ಬೆಳಗ್ಗೆಯೂ ಒಂದು ಬೇಕಾಯಿತು. ಕುಡಿಯದಿದ್ದರೆ ಕೈ ನಡುಗುತ್ತಿತ್ತು, ಕುಡಿದರೆ ನಿಲ್ಲುತ್ತಿತ್ತು. ಹಾಗಾಗಿ ಅದನ್ನೇ ಔಷಧವೆಂದು ನಂಬಿದ. ಒಂದು ದಿನ ದಿನಸಿ ಅಂಗಡಿಯವನ ಗಲ್ಲ ಕೊಯ್ದಾಗ ಕುರ್ಚಿ ಖಾಲಿಯಾಯಿತು. ಹೆಂಡತಿ ಸಿಟ್ಟಿನಿಂದ ಬಾಟಲಿಯನ್ನು ಚರಂಡಿಗೆ ಸುರಿದಳು. ಎರಡೇ ದಿನಕ್ಕೆ ಅವನಿಗೆ ಫಿಟ್ಸ್ ಬಂತು.

“ಹೀಗೆ ಒಮ್ಮೆಗೇ ಮನೇಲಿ ಕುಡಿತ ನಿಲ್ಲಿಸಬಾರದಮ್ಮ, ಜೀವಕ್ಕೇ ಅಪಾಯ,” ಎಂದು ಆಸ್ಪತ್ರೆಯ ಡಾಕ್ಟರಮ್ಮ ಇಬ್ಬರನ್ನೂ ಗದರಿದರು.

ಚಟ ಬಿಡಿಸುವ ಆ ವಾರ್ಡಿನಲ್ಲಿ ನಾಲ್ಕು ಹಾಸಿಗೆ. ಪಕ್ಕದ ಗುಮಾಸ್ತನಿಗೆ ನಿದ್ದೆಮಾತ್ರೆಯ ಹಂಗು. ಅದನ್ನು ಅರ್ಧ, ಕಾಲು ಎಂದು ವಾರಗಟ್ಟಲೆ ಇಳಿಸಬೇಕಿತ್ತು. ಗಾಂಜಾ ಬಿಟ್ಟ ಲಾರಿ ಚಾಲಕನಿಗೆ ನಿದ್ದೆಯಿಲ್ಲ, ಮಾತೆತ್ತಿದರೆ ಕೋಪ. ನಾಲ್ಕನೆಯವನು ಕೆಮ್ಮಿನ ಸಿರಪ್ಪನ್ನು ಬಾಟಲಿಗಟ್ಟಲೆ ಕುಡಿಯುತ್ತಿದ್ದವನು. ಈಗ ಮೈಕೈ ನೋವು, ಸದಾ ಆಕಳಿಕೆ, ಸೋರುವ ಮೂಗು.

“ನಂದು ಬರೀ ಔಷಧಿ ಕಣ್ರೀ, ನಿಮ್ಮ ಹಾಗೆ ಚಟ ಅಲ್ಲ,” ಎಂದ ಅವನು.

“ನಿಂಗೆ ಕೆಮ್ಮೇ ಇಲ್ಲವಲ್ಲೋ ಮಾರಾಯ!” ಎಂದ ಚಾಲಕ. ಕ್ಷೌರಿಕ ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದು ಆವತ್ತೇ.

ಇಷ್ಟನ್ನೂ ಕೇಳುತ್ತ ಮೇಷ್ಟರು ಬೆಂಚಿನ ಮೇಲೆ ಕೂತೇ ಇದ್ದರು. ಹತ್ತೊಂಬತ್ತು ಮುಗಿಯಿತು, ಇಪ್ಪತ್ತೂ ಮುಗಿಯಿತು. ಇಪ್ಪತ್ತೊಂದು ‘ಢಬ್’ ಎಂದಿತು. ನೊರೆ ಮೇಷ್ಟರ ಕನ್ನಡಕಕ್ಕೂ ಹಾರಿತು.

“ನಾನೇ ಜಾಸ್ತಿ ಊದಿಬಿಟ್ಟೆ ಕಣ್ರೀ. ಇದು ಲೆಕ್ಕಕ್ಕಿಲ್ಲ,” ಎಂದಳು ಹೆಂಡತಿ.

ಹೆಬ್ಬೆರಳು ಅದುರಿದ್ದು ಅವನೊಬ್ಬನಿಗೇ ಗೊತ್ತಿತ್ತು. “ಇಲ್ಲ ಕಣೇ, ನನ್ನ ಬೆರಳೇ. ಮತ್ತೆ ಒಂದರಿಂದ.”

ಮೇಷ್ಟರು ಕನ್ನಡಕ ಒರೆಸಿಕೊಂಡು ಎದ್ದರು. “ಹಾಗಾದ್ರೆ ನನ್ನ ಪಾಳಿ ಹಾಗೇ ಇಟ್ಟಿರಪ್ಪ. ನಾನು ಬೇರೆ ಕಡೆ ಹೋಗಲ್ಲ.”

ಅಂದಿನಿಂದ ದಿನವೂ ಬಂದು, ಹಾಜರಿ ಹಾಕುವವರಂತೆ ಬಲೂನು ಎಣಿಸಿ ಹೋಗುತ್ತಿದ್ದರು. ಗಡ್ಡ ಬೆಳೆಯಿತು.

“ಏನ್ ಮೇಷ್ಟ್ರೇ, ಸನ್ಯಾಸ ತಗೊಂಡ್ರಾ?” ಎಂದು ತರಕಾರಿಯಾಕೆ ರೇಗಿಸಿದಳು.

“ಇನ್ನೂ ಆರು ಬಲೂನು ಬಾಕಿ ಇದೆ ತಾಯಿ.”

ಹೀಗೆ ಲೆಕ್ಕ ಬೀದಿಗೆಲ್ಲ ಹರಡಿತು. ಒಂಬತ್ತನೆಯ ದಿನ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿನಸಿಯವನೂ ಗಲ್ಲದ ಗಾಯದ ಗುರುತನ್ನು ಸವರಿಕೊಳ್ಳುತ್ತ ನಿಂತಿದ್ದ. ಇಪ್ಪತ್ತೊಂದನೆಯ ಬಲೂನು ಕತ್ತಿಯಡಿಯಲ್ಲಿ ಕಿರ್‍ರೆಂದಾಗ ಎಲ್ಲರೂ ಕಣ್ಣು ಮುಚ್ಚಿಕೊಂಡರು. ತೆರೆದಾಗ ಅದು ನೊರೆಯಿಲ್ಲದೆ ಫಳಫಳ ಹೊಳೆಯುತ್ತಿತ್ತು.

“ಏಳಪ್ಪಾ ಬಲೂನು, ಎಷ್ಟು ದಿನ ಕಾಯೋದು!” ಎಂದು ಮೇಷ್ಟರು ಅದನ್ನು ಬಿಚ್ಚಿ ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಒರಗಿಸಿದರು. ಅವರ ಗಡ್ಡ ಇಳಿದ ಮೇಲೆ ಆ ಕುರ್ಚಿಗೆ ಬಂದವನು ದಿನಸಿಯವನೇ.

ಇದೆಲ್ಲ ಆಗಿ ನಾಲ್ಕು ವರ್ಷ. ಈಗಲೂ ಬೆಣ್ಣೆಗೈ ಬೆಳಗ್ಗೆ ಮೊದಲು ಒಂದು ಬಲೂನಿಗೆ ಕ್ಷೌರ ಮಾಡಿ, ಬಾಗಿಲಿಗೆ ಕಟ್ಟಿ, ಆಮೇಲೆಯೇ ಕತ್ತಿಯನ್ನು ಮನುಷ್ಯರಿಗೆ ಎತ್ತುತ್ತಾನೆ. ಎರಡು ಸಲ ಮಾತ್ರ ಬಾಗಿಲಲ್ಲಿ ಬಲೂನು ಇರಲಿಲ್ಲ. ಮತ್ತೆ ಲೋಟ ಮುಟ್ಟಿದ್ದ ಆ ಎರಡು ಸಲವೂ ಅವನು ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋಗಿದ್ದ. ಮಂಗಳವಾರಗಳಂದು ಅದೇ ವಾರ್ಡಿಗೆ ಕತ್ತರಿ, ಬಾಚಣಿಗೆ ಹಿಡಿದು ಹೋಗಿ ಎಲ್ಲರ ತಲೆಕೂದಲು ಕತ್ತರಿಸುತ್ತಾನೆ. ಕೈಚೀಲದಲ್ಲಿ ಬಲೂನುಗಳೂ ಇರುತ್ತವೆ. ಬೇಸರದಿಂದ ಗೋಡೆ ನೋಡುತ್ತ ಮಲಗಿದವನ ಕೈಗೆ ಒಂದನ್ನಿಟ್ಟು, “ಊದು ಮಾರಾಯ, ನನಗೆ ಗಿರಾಕಿ ಬೇಕು,” ಎನ್ನುತ್ತಾನೆ.