ಅವ್ವ ಕಾಯಿಸಿದ ನೀರು

ನಮ್ಮ ಮನೆಯವರಿಗೆ ಜಗತ್ತಿನ ಸೋಜಿಗಗಳೆಲ್ಲ ಬೆಲ್ಲದ ಪೊಟ್ಟಣದಲ್ಲಿ ಬರುತ್ತಿದ್ದವು. ಅವರು ಹೊನ್ನಾಳಿಯಲ್ಲಿ ಶಾಲಾ ಮೇಷ್ಟ್ರು. ಅಂಗಡಿಯಿಂದ ಬೆಲ್ಲವೋ ಕೊಬ್ಬರಿಯೋ ತಂದರೆ ಸಾಮಾನನ್ನು ನನ್ನ ಕಡೆ ತಳ್ಳಿ, ಅದನ್ನು ಕಟ್ಟಿದ್ದ ಹಳೇ ಪತ್ರಿಕೆಯ ಹಾಳೆಯನ್ನು ತೊಡೆಯ ಮೇಲಿಟ್ಟು ಸವರಿ ಸವರಿ ಓದುತ್ತಿದ್ದರು. ಸಂಜೆ ಜಗಲಿಯಲ್ಲಿ ಅಕ್ಕಪಕ್ಕದವರಿಗೆ ಅದರದ್ದೇ ಪ್ರವಚನ. ಚಿಟ್ಟೆ ರುಚಿ ನೋಡುವುದು ಕಾಲಿನಿಂದ. ಮನುಷ್ಯ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಒಂದೆಳೆ ಎತ್ತರ ಇರುತ್ತಾನೆ. ಮೈಯಲ್ಲಿ ಮೂಳೆಗಿಂತ ಗಟ್ಟಿಯಾದದ್ದು ಹಲ್ಲಿನ ಮೇಲಿನ ಪದರ.

“ಚಿಟ್ಟೆ ಕಾಲಾಗೆ ರುಚಿ ನೋಡ್ಲಿ ಬಿಡು. ನಿನ್ನ ಹೆಂಡ್ತಿ ಬಾಯಾಗೂ ನೋಡಲ್ಲ. ಇವತ್ತಿನ ಸಾರು ಕುಡಿ, ಗೊತ್ತಾಗ್ತೈತೆ,” ಎನ್ನುತ್ತಿದ್ದರು ಅತ್ತೆ.

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು.

ಯಾಕೆಂದರೆ ನನ್ನ ಹಲ್ಲು ಕಂದು. ನನ್ನ ತವರು ಜಗಳೂರು ಸೀಮೆಯಲ್ಲಿ, ಬಿಳಿಚೋಡಿನ ಹತ್ತಿರ. ಅಲ್ಲಿ ಎಲ್ಲರ ಹಲ್ಲೂ ಹಾಗೇ ಇದ್ದುದರಿಂದ ಯಾರಿಗೂ ಅದೊಂದು ವಿಷಯವಾಗಿರಲಿಲ್ಲ. ಹೊಳೆ ನೀರು ಕುಡಿದು ಮಲ್ಲಿಗೆ ಮೊಗ್ಗಿನಂಥ ಹಲ್ಲು ಬೆಳೆಸಿಕೊಂಡವರ ಊರಿಗೆ ಮದುವೆಯಾಗಿ ಬಂದ ಮೇಲೆ ನನ್ನ ಬಾಯಿ ಮುಚ್ಚಿಡಬೇಕಾದ್ದು ಎಂದು ತಿಳಿಯಿತು. ಚಿಕ್ಕಂದಿನಲ್ಲೇ ಹೊಗೆಸೊಪ್ಪು ಅಗಿದವಳು ಎಂದರು ಅತ್ತೆ. ಹಲ್ಲುಜ್ಜುವ ರೂಢಿಯಿಲ್ಲದ ಮನೆಯವಳು ಎಂದರು ಪಕ್ಕದವರು. ಇದ್ದಲು, ಉಪ್ಪು, ಇಟ್ಟಿಗೆ ಪುಡಿ, ಯಾವುದನ್ನು ಹಾಕಿ ತಿಕ್ಕಿದರೂ ಒಸಡಿನಲ್ಲಿ ರಕ್ತ ಬಂತೇ ಹೊರತು ಕಲೆ ಹೋಗಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರಲ್ಲ, ನಾನು ಒಸಡು ಪರಚಿಕೊಂಡೆ. ಸೂರ್ಯ ಎಷ್ಟು ದೂರ ಎಂದು ಬಲ್ಲ ನನ್ನ ಗಂಡ, ಹೆಂಡತಿಯ ಹಲ್ಲು ಯಾಕೆ ಹೀಗಿದೆ ಎಂದು ಒಂದು ದಿನವೂ ಕೇಳಿದವರಲ್ಲ. ದೀಪದ ಬುಡ ಕತ್ತಲೆ.

ಯುದ್ಧದ ವರ್ಷಗಳು. ಮಗಳು ಮೊಲೆ ಬಿಟ್ಟ ಹೊಸತರಲ್ಲೇ ಎರಡನೆಯ ಬಸಿರು ನಿಂತಿತು. ನಾನು ಹಾಸಿಗೆ ಹಿಡಿದೆ. ಅವ್ವ ಬಂದು ನನ್ನನ್ನು ಹೊನ್ನಾಳಿಯಲ್ಲೇ ಬಿಟ್ಟು ನನ್ನ ಮಗಳನ್ನಷ್ಟೇ ತವರಿಗೆ ಕರೆದುಕೊಂಡು ಹೋದಳು. ಗಂಡುಮಗು ಹುಟ್ಟಿತು, ಅದೂ ಸೊರಗಿದ ಕೂಸು, ನನಗೂ ಬಿಡದ ಜ್ವರ.

ಆ ದಿನಗಳಲ್ಲೇ ಒಂದು ಸಂಜೆ ಮೆಣಸಿನಕಾಯಿ ಕಟ್ಟಿದ್ದ ಹಾಳೆಯನ್ನು ಅವರು ಜಗಲಿಯಲ್ಲಿ ಓದಿದರು. ನಾನು ಒಳಗೆ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡೆ. ಯಾವುದೋ ದೇಶದ ಒಂದು ಊರಲ್ಲಿ ಬೆಳೆದವರಿಗೆಲ್ಲ ಹಲ್ಲು ಕಂದು ಬಣ್ಣವಂತೆ. ಡಾಕ್ಟರರು ಹುಡುಕಿ ಹುಡುಕಿ ಕೊನೆಗೆ ಅದು ಕುಡಿಯುವ ನೀರಿನಲ್ಲಿರುವ ಏನೋ ಒಂದರ ಕೆಲಸ ಎಂದರಂತೆ. ಹಲ್ಲು ಇನ್ನೂ ಒಸಡಿನೊಳಗೆ ಅಡಗಿ ಬೆಳೆಯುವಾಗಲೇ ಕಲೆ ಹಿಡಿಯುತ್ತದೆ, ಆಮೇಲೆ ಏನು ತಿಕ್ಕಿದರೂ ಹೋಗದು. ಊರವರು ನೀರು ಬದಲಾಯಿಸಿದರು, ಮುಂದೆ ಬೆಳೆದ ಮಕ್ಕಳಿಗೆ ಬಿಳಿ ಹಲ್ಲು ಬಂತು. ಅಲ್ಲಿಂದಾಚೆ ಹಾಳೆ ಹರಿದಿತ್ತು.

“ಎಂಥ ಸೋಜಿಗ ಅಲ್ವೇನ್ರಿ?” ಎಂದು ಪಕ್ಕದವರನ್ನು ಕೇಳಿ ಹಾಳೆ ಮಗುಚಿದರು. ಹಿಂದುಗಡೆ ಒಂಟೆಯ ವಿಷಯವಿತ್ತು, ಅದನ್ನು ಶುರುಮಾಡಿದರು.

ನನಗೆ ಮೊದಲು ಬಂದದ್ದು ಅಳು. ನನ್ನ ತಪ್ಪಲ್ಲ, ನನ್ನ ಅವ್ವನ ತಪ್ಪೂ ಅಲ್ಲ! ಆಮೇಲೆ ಮಗಳ ನೆನಪಾಯಿತು. ನನ್ನ ಮಗಳು ಈಗ ಕುಡಿಯುತ್ತಿರುವುದು ಅದೇ ಬಾವಿಯ ನೀರು. ಹಾಲುಹಲ್ಲು ಬಿದ್ದ ಮೇಲೆ ಬರಬೇಕಾದ ಅವಳ ಹಲ್ಲು ಈಗ ಒಸಡಿನೊಳಗಿದೆ.

“ಮಗೂನ ಕರ್ಕಂಡು ಬರ್ರಿ,” ಎಂದೆ.

“ನಿನಗೇ ಎದ್ದು ನಿಲ್ಲಾಕೆ ಆಗಲ್ಲ. ಅದನ್ನ ಯಾರು ನೋಡ್ಕಂತಾರೆ? ಹಲ್ಲಿನ ಆಸೆಗೆ ಮಗು ತರ್ತಾರೇನು?” ಎಂದರು ಅತ್ತೆ.

“ಅದ್ಯಾವುದೋ ದೇಶದ ನೀರು ಕಣೆ,” ಎಂದರು ಇವರು. ಅವರ ಪಾಲಿಗೆ ಸೋಜಿಗ ಎಂದರೆ ದೂರದಲ್ಲಿ ನಡೆಯುವಂಥದು. ನನ್ನ ಸಿಟ್ಟು ನೆತ್ತಿಗೇರಿತು. ಏರಿ ಏನು ಮಾಡೀತು? ಜ್ವರವೂ ಅಲ್ಲೇ ಇತ್ತು.

ಸುಗ್ಗಿ ಮುಗಿದ ಮೇಲೆ ಅಣ್ಣ ದಾವಣಗೆರೆಗೆ ಹತ್ತಿ ಮಾರಲು ಬಂದವನು ನನ್ನನ್ನು ನೋಡಿಹೋಗಲು ಹೊನ್ನಾಳಿಗೂ ಬಂದ. ಅವನ ಕೈ ಹಿಡಿದುಕೊಂಡೇ ಹೇಳಿದೆ, “ಅವ್ವಂಗೆ ಹೇಳು. ಮಗೀಗೆ ಬಾವಿ ನೀರು ಕೊಡಬ್ಯಾಡ್ರಿ. ಹಲ್ಲು ಕೆಡಾದು ಅದರಿಂದ್ಲೇ ಅಂತೆ.”

ಅಣ್ಣ ನಕ್ಕ. ಅವನ ಇಡೀ ಕಂದು ಸಾಲು ಕಾಣಿಸಿತು. “ಬಾವಿ ನೀರು ಬಿಟ್ಟು ಇನ್ನೇನು ಕುಡೀಬೇಕು? ನಮ್ಮೂರಾಗೆ ಹೊಳೆ ಹರೀತೈತಾ?”

ನಾನು ಅವನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. “ಹೇಳ್ತೀನಿ ಬಿಡು,” ಎಂದು ಹೋದ.

ನನ್ನ ಜ್ವರ ಬಿಟ್ಟಿತು, ಕೂಸಿಗೆ ದಡಾರ ಬಂತು. ಅದು ಇಳಿಯಿತು, ಅತ್ತೆ ಹಿತ್ತಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವರನ್ನು ಎತ್ತಿ ಕೂರಿಸಿ ಮಲಗಿಸುವುದರಲ್ಲೇ ವರ್ಷ ಹೋಗಿ ವರ್ಷ ಬಂತು. ನಾನು ತವರಿನ ಹಾದಿ ಹಿಡಿಯುವಷ್ಟರಲ್ಲಿ ಮಗಳಿಗೆ ಹಾಲುಹಲ್ಲು ಬೀಳುವ ವಯಸ್ಸಾಗಿತ್ತು.

ಯುದ್ಧದಿಂದಾಗಿ ಪೆಟ್ರೋಲು ಸಿಗದ ಕಾಲ. ಬಸ್ಸು ಇದ್ದಲ ಗ್ಯಾಸಿನಿಂದ ಓಡುತ್ತಿತ್ತು, ಏರು ಬಂದರೆ ಓಡುತ್ತಿರಲಿಲ್ಲ. ಇಳಿದು, ಹತ್ತಿ, ಮಗನನ್ನು ಕಂಕುಳಲ್ಲಿ ಹೊತ್ತು ಊರು ಮುಟ್ಟಿದೆ.

ಅವ್ವ ನನ್ನನ್ನು ಕೂರಲೂ ಬಿಡದೆ ಒಲೆಯ ಹತ್ತಿರ ಕರೆದೊಯ್ದಳು. ಅಲ್ಲೊಂದು ಗಡಿಗೆ ಬೇರೆಯಾಗಿ ಕೂತಿತ್ತು.

“ನಿನ್ನ ಮಾತು ಮೀರಿಲ್ಲ ಕಣವ್ವ. ಬಾವಿ ನೀರು ಹಂಗೇ ಕೊಟ್ಟಿಲ್ಲ, ನಿನ್ನ ಮಗಳ ನೀರೇ ಬ್ಯಾರೆ. ಬರೇ ಕುದಿಸಿದ್ರೆ ಸಾಲದು ಅಂತ ಕಷಾಯ ಇಳಿಸಿದಂಗೆ ಅರ್ಧಕ್ಕೆ ಇಳಿಸ್ತೀನಿ, ದಿನಾ. ಇಲ್ನೋಡು, ಎಷ್ಟು ವಿಷ ಬಿಟ್ಟೈತೆ!” ಎಂದು ಗಡಿಗೆಯ ತಳದ ಬಿಳಿ ಗಸಿಯನ್ನು ಉಗುರಿನಿಂದ ಕೆರೆದು ತೋರಿಸಿದಳು. ಅವಳ ಅಂಗೈ ತುಂಬ ಜಾಲಿ ಮುಳ್ಳಿನ ಗೀರು. ಮೊಮ್ಮಗಳೊಬ್ಬಳ ನೀರಿಗಾಗಿ ಆ ಮುದುಕಿ ಹೊಲದ ಬದುವಿನಲ್ಲಿ ಸೌದೆ ಆರಿಸುತ್ತಿದ್ದಳು.

ನಾನು ದಿನಾ ಅಡಿಗೆ ಮಾಡುವವಳು. ಸಾರು ಕುದ್ದು ಇಂಗಿದಷ್ಟೂ ಉಪ್ಪಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ನೀರಲ್ಲಿ ಇದ್ದದ್ದು ಅಲ್ಲೇ ಉಳಿಯುತ್ತದೆ. ಇದಕ್ಕೆ ಯಾವ ಪತ್ರಿಕೆಯ ಹಾಳೆಯೂ ಬೇಕಿರಲಿಲ್ಲ. ತಳದಲ್ಲಿ ಕಂಡದ್ದು ಬರೀ ಸುಣ್ಣದಂಥ ಗಸಿ. ಕಾಣದ್ದು ನೀರಲ್ಲೇ ನಿಂತು ಗಟ್ಟಿಯಾಗಿತ್ತು. ಊರ ಮಕ್ಕಳು ಕುಡಿದದ್ದರ ಎರಡರಷ್ಟನ್ನು ನನ್ನ ಮಗಳು ಕುಡಿದಿದ್ದಳು, ಅವ್ವನ ಪ್ರೀತಿಗೆ, ನನ್ನ ಮಾತಿಗೆ.

ಮಗಳು ಓಡಿಬಂದು ಹೊಸದಾಗಿ ಬಂದ ಎರಡು ಮುಂದಿನ ಹಲ್ಲನ್ನು ಕಿಸಿದು ತೋರಿಸಿದಳು. ನನ್ನವಕ್ಕಿಂತ ಕಪ್ಪು. ಮೇಲೆ ಸೂಜಿ ಚುಚ್ಚಿದಂಥ ಗುಳಿಗಳು. ಅಣ್ಣನ ಮಕ್ಕಳ ಹಲ್ಲು ಅಷ್ಟು ಕೆಟ್ಟಿರಲಿಲ್ಲ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. “ಹಂಗೂ ಬಂದುಬಿಟ್ವು ಕಣವ್ವ,” ಎಂದಳು ಮೆಲ್ಲಗೆ. “ನಾನು ಇನ್ನೂ ಇಳಿಸಬೇಕಾಗಿತ್ತೇನೋ. ಕಾಲುಭಾಗಕ್ಕೆ.”

ಆ ಮುಖಕ್ಕೆ ನಿಜ ಹೇಳುವ ಶಕ್ತಿ ನನಗಿರಲಿಲ್ಲ. “ಇಲ್ಲವ್ವ. ನೀನು ಕಾಯಿಸಿದ್ದಕ್ಕೇ ಇಷ್ಟಕ್ಕೆ ನಿಂತೈತೆ,” ಎಂದೆ.

ಅವ್ವ ಕಣ್ಣೊರೆಸಿಕೊಂಡಳು. ಅವಳ ಮುಖ ಅರಳಿತು. “ಹಂಗಾದ್ರೆ ಇದಕ್ಕೂ ಅದನ್ನೇ ಕೊಡಾನ,” ಎಂದು ಗಡಿಗೆಯಿಂದ ಲೋಟಕ್ಕೆ ಬಗ್ಗಿಸಿ ನನ್ನ ಕಂಕುಳಲ್ಲಿದ್ದ ಮಗನ ಬಾಯಿಗೆ ಹಿಡಿದಳು. ಬೆಳಗಿನಿಂದ ಬಸ್ಸಿನಲ್ಲಿ ಬಾಯಾರಿದ್ದ ಮಗು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು ಗಟಗಟ ಕುಡಿಯಿತು. ನನ್ನ ಕೈ ಮೇಲೇಳಲಿಲ್ಲ.