ಪಾಯಸಕ್ಕೆ ತಂದ ಗಸಗಸೆ

ಉಡುಪಿಯ ಕೃಷ್ಣನಿಗೆ ಕೈಮುಗಿದು ಇದನ್ನು ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ರಜೆ ಮುಗಿಸಿ ಮಸ್ಕತ್‌ಗೆ ಮರಳುವಾಗ, ಅಲ್ಲಿನ ದಾರ್ಸೈಟ್ ಬಡಾವಣೆಯ ಕೃಷ್ಣನ ಗುಡಿಯ ಅಷ್ಟಮಿ ಪಾಯಸಕ್ಕೆಂದು ಅರ್ಧ ಕಿಲೋ ಗಸಗಸೆ ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನ ಯುವಕ ಪೊಟ್ಟಣ ಬಿಚ್ಚಿ, ಹಿಂದಿಯಲ್ಲಿ ಕೇಳಿದ: “ಇದು ಅಫೀಮು ಗಿಡದ ಬೀಜ. ಇದಕ್ಕೆ ಇಲ್ಲಿ ವರ್ಷಗಟ್ಟಲೆ ಜೈಲು, ಗೊತ್ತಾ?”

“ದೇವರ ಪಾಯಸಕ್ಕೆ ಸಾಹೇಬರೇ. ಅಮಲೇನೂ ಇಲ್ಲ. ಕುಡಿದರೆ ಒಳ್ಳೇ ನಿದ್ದೆ ಬರುತ್ತದೆ, ಅಷ್ಟೇ!” ಎಂದುಬಿಟ್ಟೆ.

ಅವನು ನನ್ನ ಹಣೆಯ ನಾಮವನ್ನೇ ಸ್ವಲ್ಪ ಹೊತ್ತು ನೋಡಿದ. “ಚಾಚಾ, ಆ ಕೊನೆಯ ಮಾತು ನನಗೆ ಕೇಳಿಸಲಿಲ್ಲ. ಬೇರೆ ಯಾರಿಗೂ ಹೇಳಬೇಡಿ,” ಎಂದು ಅಷ್ಟನ್ನೂ ಕಸದ ಡಬ್ಬಿಗೆ ಸುರಿದ. “ಖಲಾಸ್. ಯಲ್ಲಾ, ಹೊರಡಿ.”

ನನ್ನ ಬಾಯಿ ಮುಚ್ಚಿಸುವುದು ಮನೆಯವಳಿಂದ ಎಂದೂ ಆಗಿರಲಿಲ್ಲ. ದೇವರು ಅದಕ್ಕೆ ಅರಬರ ಹುಡುಗನನ್ನು ನಿಲ್ಲಿಸಿದ್ದ. ಕೇಳಿದ ನಿಮಗೆಲ್ಲ ಆ ಕೃಷ್ಣ ಒಳ್ಳೆಯದು ಮಾಡಲಿ, ಚೀಲ ಕಟ್ಟುವಾಗಲೇ ಬುದ್ಧಿ ಕೊಡಲಿ.